ನಿಮ್ಮ ಕೈಮೇಲಿನ ನನ್ನ ಹೆಸರು

ರೀ,

ಎದ್ದರೆ ತಡೀತೀರಿ ಅಂತ ಹೇಳದೆ ಹೊರಟಿದ್ದೀನಿ. ಮೇಲ್ಮನವಿ ಕಚೇರಿಗೆ. "ಸಾಕು ಬಿಡೇ, ಸೇನೆ ಜೊತೆ ಜಗಳ ಆಡೋಕಾಗುತ್ತಾ" ಅಂದ್ರಲ್ಲ, ನಿಮಗಾಗದಿದ್ದರೆ ನನಗಾಗುತ್ತೆ.

ತಿಂಡಿ ಮುಚ್ಚಿಟ್ಟಿದ್ದೀನಿ. ತಿಂದಮೇಲೇ ಮಾತ್ರೆ. ಬರಿಹೊಟ್ಟೇಲಿ ನುಂಗಿ ಆಮೇಲೆ ಒದ್ದಾಡಬೇಡಿ.

ನೀವು ಸೇನೇಲಿದ್ದಾಗ ಇಡೀ ತುಕಡಿಗೆ ಒಂದೇ ಸೂಜೀಲಿ ಲಸಿಕೆ ಚುಚ್ಚಿದ್ದು ಆ ಪರಿಹಾರ ಮಂಡಳಿಯವರ ಕಣ್ಣಿಗೆ ಬೀಳಲಿಲ್ಲ. ನಿಮ್ಮ ಕೈಮೇಲಿನ ಹಚ್ಚೆ ಬಿತ್ತು! ಹೆಪಟೈಟಿಸ್ ಸಿ ಬಂದಿದ್ದು ಅದರಿಂದಲೇ, ಪರಿಹಾರ ಇಲ್ಲ ಅಂತ ಬರೆದುಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನೀವು ಸೇನೆ ಸೇರೋಕೂ ಮುಂಚೆ, ಮದುವೆಯಾದ ವಾರ ಇಬ್ಬರೂ ಒಟ್ಟಿಗೆ ಕೂತು ಹಾಕಿಸಿಕೊಂಡ ಹಚ್ಚೆ ಅಲ್ವಾ ಅದು? ನಿಮ್ಮ ಕೈಮೇಲೆ ನನ್ನ ಹೆಸರು ಬರೆದ ಸೂಜೀನ ಹಾಗೇ ಒರೆಸಿ, ನನ್ನ ಕೈಮೇಲೆ ನಿಮ್ಮ ಹೆಸರು ಬರೆದ ಆ ಪುಣ್ಯಾತ್ಮ. ಮೊನ್ನೆ ನಿಮಗೆ ಹೇಳದೆ ರಕ್ತ ಪರೀಕ್ಷೆ ಮಾಡಿಸಿದೆ. ನನಗೆ ಏನೂ ಇಲ್ಲ. ವರದಿ ಚೀಲದಲ್ಲಿದೆ, ಕೈ ಹೇಗೂ ಜೊತೆಗೇ ಬರುತ್ತೆ. ಲಸಿಕೆ ಸಾಲಲ್ಲಿ ನಿಮ್ಮ ಹಿಂದೆ ನಿಂತಿದ್ದ ಡ್ರೈವರಣ್ಣನೂ ಬರ್ತಾರೆ. ಅವರಿಗೂ ಇದೇ ರೋಗ, ಮೈಮೇಲೆ ಒಂದು ಚುಕ್ಕೆ ಹಚ್ಚೆಯಿಲ್ಲ. ಅವರಿಗೇನು ಉತ್ತರ ಕೊಡ್ತಾರೋ ನೋಡ್ತೀನಿ.

ಆ ಆದೇಶ ಬಂದಾಗಿಂದ ಇಂಥ ಸೆಕೇಲೂ ತುಂಬು ತೋಳಿನ ಅಂಗಿ ಹಾಕ್ಕೊಂಡು ಓಡಾಡ್ತಿದ್ದೀರಿ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಅಷ್ಟನ್ನೂ ಬಕೆಟ್ಟಲ್ಲಿ ನೆನೆಹಾಕಿದ್ದೀನಿ.

ಹಾಲು ತರೋಕೆ ಅರ್ಧ ತೋಳಿಂದು ಹಾಕ್ಕೊಂಡೇ ಹೋಗಿ. ನನ್ನ ಹೆಸರನ್ನ ನಾಲ್ಕು ಜನ ನೋಡಲಿ.