ನಷ್ಟಕ್ಕೆ ಮೊದಲೇ ಸಿಕ್ಕ ಪರಿಹಾರ

ಗುರುವಾರ ರಾತ್ರಿ.
೧. ಬರೆಯುವವಳು: ನಿವೃತ್ತ ಅರ್ಜಿ ಬರಹಗಾರ್ತಿ.
೨. ವಿಷಯ: ಹದಿಮೂರರ ಮೊಮ್ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿದ್ದು.

ನನ್ನ ಅಕ್ಕ ಇದೇ ಕಾಯಿಲೆಯಿಂದ ತೀರಿಕೊಂಡಾಗ ನಮಗೆ ಅದರ ಹೆಸರೂ ತಿಳಿದಿರಲಿಲ್ಲ.

ಇಂದು ಲಸಿಕೆ ಕೊಠಡಿಯಲ್ಲಿ ಸೊಸೆ ಹಿಂಜರಿದಳು. “ಇನ್ನೂ ಮಗು ಅತ್ತೆ, ಈಗ್ಲೇ ಯಾಕೆ?”

“ಈ ಕಾಯಿಲೆ ತರೋ ವೈರಸ್ ಮೈಗೆ ಸೇರೋಕ್ ಮುಂಚೆ ಹಾಕಿದ್ರೇನೇ ಚೆನ್ನಾಗಿ ಕೆಲಸ ಮಾಡೋದು ಕಣಮ್ಮ,” ಎಂದರು ನರ್ಸ್.

ಸೊಸೆ ತಾನೇ ಮಗಳ ತೋಳಿನ ಬಟ್ಟೆ ಮೇಲೆತ್ತಿದಳು.

“ಅಜ್ಜಿ, ಇಷ್ಟೇನಾ? ನೀನು ಚಿವುಟಿದ್ರೆ ಇದಕ್ಕಿಂತ ನೋಯುತ್ತೆ,” ಎಂದಳು ಮೊಮ್ಮಗಳು.

ಯಾರೂ ತಪ್ಪು ತೆಗೆಯದಂತೆ ನಾನು ಜನರಿಗೆ ಬರೆದುಕೊಟ್ಟ ಅರ್ಜಿಗಳೆಲ್ಲವೂ ನಷ್ಟವಾದ ಮೇಲೆ ಪರಿಹಾರ ಕೋರಿದಂಥವು. ನಷ್ಟಕ್ಕೆ ಮೊದಲೇ ಮಂಜೂರಾದ ಪರಿಹಾರವನ್ನು ಕಣ್ಣಾರೆ ಕಂಡದ್ದು ಇಂದೇ. ಇದನ್ನು ಅಕ್ಕನಿಗೆ ತಿಳಿಸಬೇಕು, ಆದರೆ ಯಾವ ವಿಳಾಸಕ್ಕೆ?

ಸಹಿ: ಅವಳ ತಂಗಿ
ಲಗತ್ತು: ತೋಳಿಗೆ ಒತ್ತಿದ ಹತ್ತಿಯುಂಡೆ, ಒಂದು.