ಕಾಲುವೆ ಬದಿಯ ಒಂದನೇ ಜಾಗ

ಸುರಪುರ
೬ ಫೆಬ್ರುವರಿ ೨೦೨೪

ಪ್ರೀತಿಯ ದೇವಿಂದ್ರಣ್ಣ,

ನಮಸ್ಕಾರ. ಬಿ.ಎಡ್. ಸೀಟಿನ ಓಡಾಟದಲ್ಲಿ ಪತ್ರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಕುದುರೆಯ ಮಾತೆತ್ತಿದರೆ ನೀನು ಕಟ್ ಮಾಡುತ್ತೀ. ಕಾಗದವನ್ನಾದರೂ ಪೂರ್ತಿ ಓದು.

ಹೋದ ವರ್ಷ ಓಟ ಸೋತಾಗ, ನೀನು ಅಂಜಿ ನಮ್ಮ ಕುದುರೆ ಬಿಜಲಿಯ ಲಗಾಮು ಎಳೆದೆ ಎಂದ ಅಪ್ಪ. ನೀನು ಮನೆ ಬಿಟ್ಟು ಸೈದಾಪುರ ಸೇರಿದೆ. ನಿಜಕ್ಕೂ ಅಂಜಿದ್ದೆಯಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಸಲ ಓಟ ನೋಡಲು ನಾನೂ ಹೋದೆ.

ಯಾವ ಕುದುರೆ ಎಲ್ಲಿ ನಿಲ್ಲಬೇಕೆಂದು ಚೀಟಿ ಎತ್ತಿದರು. ಬಿಜಲಿಗೆ ಮತ್ತೆ ಒಂದನೇ ಜಾಗ, ಕಾಲುವೆಯ ಬದಿಗೆ. ಒಂದು ಎಂಬ ಅಂಕಿ ಕಂಡದ್ದೇ ಅಪ್ಪ ಕಾಯಿ ಒಡೆದು ಸಕ್ಕರೆ ಹಂಚಿದ.

“ಸಕ್ಕರಿ ನಾವ್ ತಿಂದ್ರ ಕುದುರಿ ಓಡ್ತದೇನು?” ಎಂದಳು ಅವ್ವ.

“ಸುಮ್ನಿರು. ಒಳಗಿನ ಜಾಗ ಸಿಕ್ರ ತಿರುವಿನ್ಯಾಗ ದಾರಿ ಕಡಿಮಿ ಬೀಳ್ತದ.”

ಈ ಸಲದ ಸವಾರ ಶಹಾಪುರದ ಗಯಾಸ. ಹೋದ ವರ್ಷ ಬೇರೆಯವರ ಕುದುರೆ ಓಡಿಸಿದ್ದನಲ್ಲ, ಅವನೇ. ಓಟಕ್ಕೆ ಮೊದಲು ಚಪ್ಪಲಿ ಬಿಟ್ಟು ತಿರುವಿನವರೆಗೆ ನಡೆದು, ಹಿಮ್ಮಡಿಯಿಂದ ನೆಲ ಒತ್ತಿ ನೋಡಿ ಬಂದ. ಅವನು ಮರಳಿದ ಮೇಲೆ ನಾನೂ ಹೋಗಿ ಒತ್ತಿದೆ. ಕಾಲುವೆಯ ನೀರು ಬಸಿದು ಒಳಬದಿಯ ಎರೆಮಣ್ಣು ಅಂಟಂಟಾಗಿತ್ತು. ಹೊರಬದಿಯ ನೆಲ ಗಟ್ಟಿ.

ಬಾವುಟ ಬಿತ್ತು. ಗಯಾಸ ಲಗಾಮು ಎಳೆದು ಹಿಡಿದ! ಉಳಿದ ಕುದುರೆಗಳೆಲ್ಲ ಮುಂದೆ ನುಗ್ಗಿ ಒಳಬದಿ ಹಿಡಿದವು.

“ಏ, ಇವನೂ ಅಂಜಿದ್ನಲೇ!” ಎಂದು ಅಪ್ಪ ಟವೆಲ್ಲನ್ನು ನೆಲಕ್ಕೆ ಬಡಿದ.

ತಿರುವಿನ ಮಣ್ಣು ಆ ಕುದುರೆಗಳ ವೇಗ ಮುರಿಯಿತು. ಗಯಾಸ ಬಿಜಲಿಯನ್ನು ಹೊರಬದಿಗೆ ತಂದು ಲಗಾಮು ಸಡಿಲಿಸಿದ. ಗೆದ್ದ.

ಸಂಜೆ ಬಿಜಲಿಯ ಮೈ ಒರೆಸುತ್ತ ಗಯಾಸ ಅಪ್ಪನಿಗೆ ಹೇಳಿದ: “ಚಾಚಾ, ಈ ಅಕಲ್, ಈ ಉಪಾಯ ನಂದಲ್ರಿ. ಹೋದ್ ವರ್ಷ ದೇವಿಂದ್ರ ಹಿಂಗೇ ಕುದುರಿ ತಡದಿದ್ದ, ನಾ ಅವನ ಹಿಂದೇ ಇದ್ದೆ. ಲಗಾಮ್ ಬಿಡೋದು ತುಸು ತಡ ಆತು, ಅಷ್ಟೇ. ಅದು ಅಂಜಿಕಿ ಅಲ್ರಿ.”

ಅಪ್ಪ ಬಿಜಲಿಯ ಗೊರಸಿನ ಮಣ್ಣನ್ನು ಬಹಳ ಹೊತ್ತು ಕೆರೆಯುತ್ತ ಕುಳಿತ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ.

ನಿನ್ನ ತಂಗಿ,
ನಾಗಲಕ್ಷ್ಮಿ

ತಾ.ಕ.: ಹೋದ ವರ್ಷ ಅಪ್ಪ ನಿನ್ನ ಕೆನ್ನೆಗೆ ಹೊಡೆದದ್ದನ್ನು ಇಡೀ ಮೈದಾನ ನೋಡಿತ್ತು. ಗಯಾಸನ ಮಾತು ಕೇಳಿದವರು ಅಪ್ಪ, ನಾನು ಇಬ್ಬರೇ. “ಇದನ್ನ ಮಂದಿ ಮುಂದ ಹೇಳಪ್ಪಾ” ಎಂದು ಅಪ್ಪನಿಗೆ ಹೇಳಿದೆ. “ನೀ ಅವಂಗ ಬರಿ, ಸಾಕು” ಎಂದು ಒಳಗೆ ಹೋದ. ಬರೆದಿದ್ದೇನೆ. ಸಾಕೇನು, ಅಣ್ಣಾ?