ಬಾಗಿಲಲ್ಲಿ ಬಿಟ್ಟ ಬೂಟು

ಚಾಮರಾಜನಗರ
18-6-1996

ಪೂಜ್ಯ ಅತ್ತೆಯವರ ಪಾದಗಳಿಗೆ ದಾಕ್ಷಾಯಿಣಿಯ ನಮಸ್ಕಾರಗಳು.

ನಿನ್ನೆ ಅಪ್ಪನ ಜೊತೆ ಮೈಸೂರಿಗೆ ಹೋಗಿ ಕಾಲು ತೋರಿಸಿಕೊಂಡು ಬಂದೆ. ಹೆಬ್ಬೆರಳ ಬುಡದ ಗಂಟು ತೆಗೆಯುವಾಗ ಕತ್ತರಿಸಿ ನೇರ ಮಾಡಿದ್ದ ಮೂಳೆ ಇನ್ನೂ ಕೂಡಿಕೊಂಡಿಲ್ಲ. ಬರುವ ಸೋಮವಾರ ಮತ್ತೆ ಆಪರೇಷನ್. ನನ್ನ ಸೊಂಟದಿಂದಲೇ ಚೂರು ಮೂಳೆ ತೆಗೆದು ಅಲ್ಲಿಗೆ ಇಡುತ್ತಾರಂತೆ.

ಮೂಳೆ ಕೂಡುವವರೆಗೆ ಹಾಕಿಕೊಂಡೇ ನಡೆಯಬೇಕೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಮರದ ತಳದ ಬೂಟನ್ನು ಡಾಕ್ಟರು ತಿರುಗಿಸಿ ನೋಡಿದರು. ತಳ ಸವೆದೇ ಇರಲಿಲ್ಲ. "ಮನೆಯೊಳಗೆ ಏನು ಹಾಕ್ಕೊಂಡು ಓಡಾಡಿದ್ರಮ್ಮ?" ಎಂದು ಕೇಳಿದರು. ನಾನು ಬೂಟನ್ನು ಅವರ ಕೈಯಿಂದ ತೆಗೆದುಕೊಂಡು ಹಾಕಿಕೊಂಡೆ. ಬಾಗಿಲಲ್ಲೇ ಬಿಡುತ್ತಿದ್ದೆನೆಂದು ಅಪ್ಪನಿಗೂ ಹೇಳಿಲ್ಲ.

ನೀವು ಗದರಿರಲಿಲ್ಲ. "ಲಿಂಗಪೂಜೆ ಮಾಡೋ ಮನೆ ಕಣವ್ವ, ಎಕ್ಕಡ ಬಾಗ್ಲಲ್ಲೇ ಬುಡು" ಎಂದಿರಿ, ಅಷ್ಟೆ. ನೀರು ಸೇದುವ ಕೆಲಸವನ್ನೂ ನೀವೇ ಮಾಡಿದಿರಿ. ಆದರೆ ಅಡುಗೆಮನೆಗೂ ಹಿತ್ತಲಿಗೂ ನಾನು ಬರಿಗಾಲಲ್ಲೇ ನಡೆದೆ. ನಿಮ್ಮ ಮಗ ದಿನವೂ ಅದನ್ನು ನೋಡಿಕೊಂಡೇ ಈರುಳ್ಳಿ ಮಂಡಿಗೆ ಹೋಗುತ್ತಿದ್ದರು.

ಈ ಸಲ ಬೂಟು ಹಾಕಿಕೊಂಡೇ ಒಳಗೆ ಬರುತ್ತೇನೆ. ಅಡುಗೆಮನೆಗೂ ಬರುತ್ತೇನೆ. ದೇವರ ಕೋಣೆಯ ಹೊಸಿಲು ಮಾತ್ರ ದಾಟುವುದಿಲ್ಲ. ಅದು ಆಗದು ಎನ್ನುವುದಾದರೆ ಈಗಲೇ ತಿಳಿಸಿ, ಗುಂಡ್ಲುಪೇಟೆ ಬಸ್ಸು ಹತ್ತದೆ ಇಲ್ಲೇ ಇದ್ದುಬಿಡುತ್ತೇನೆ.

ನನ್ನ ಎರಡು ಹತ್ತಿ ಸೀರೆ ಕೊಟ್ಟು ಕಳಿಸಿ. ಈ ಕಾಗದವನ್ನು ಪಕ್ಕದ ಮನೆಯವರ ಕೈಲಿ ಓದಿಸಬೇಡಿ, ನಿಮ್ಮ ಮಗನೇ ಓದಿ ಹೇಳಲಿ. ಉತ್ತರವನ್ನೂ ಅವರೇ ಬರೆಯಲಿ. ನೀವು ಹೇಳಿದ್ದೆಲ್ಲ ಬರೆದಾದ ಮೇಲೆ, ಕೆಳಗೆ ಅವರದೂ ಒಂದು ಮಾತು ಇರಲಿ.

ಇಂತಿ ನಿಮ್ಮ ಸೊಸೆ,
ದಾಕ್ಷಾಯಿಣಿ